ಗೊರಕೆ ಎಂಬ ದೇಹದ ದೂರು

ಬೋವಿಕಾನದ ನಮ್ಮ ಮನೆಗೆ ನೆಂಟರು ಬಂದು ರಾತ್ರಿ ತಂಗಿದರೆ, ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ ಒಂದು ಮಾತು ತಪ್ಪದೆ ಬರುತ್ತಿತ್ತು: “ವಕೀಲರಿಗೆ ಯಾವ ಚಿಂತೆಯೂ ಇಲ್ಲ, ಎಂಥ ನಿದ್ದೆ!” ಆಟಿ ತಿಂಗಳ ಮಳೆ ಹಂಚಿನ ಮೇಲೆ ಸುರಿಯುವ ಸದ್ದನ್ನೂ ಮೀರಿ ನನ್ನ ಗೊರಕೆ ಕೇಳಿಸುತ್ತಿತ್ತಂತೆ. ಎಂಟು ವರ್ಷದ ಮಗನೂ ಗೊರಕೆ ಹೊಡೆಯುತ್ತಿದ್ದುದರಿಂದ “ಅಪ್ಪನ ಹಾಗೆಯೇ ಮಗ” ಎಂಬ ಮಾತೂ ಅದರೊಂದಿಗೆ ಸೇರುತ್ತಿತ್ತು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಗೊರಕೆಯನ್ನು ಕಂಡು ನಗುವುದು ನಮ್ಮ ನಾಡಿಗೆ ಹೊಸದಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ‘ಕುಂಭಕರ್ಣ ಕಾಳಗ’ ಪ್ರಸಂಗವನ್ನು ಬಯಲಾಟದಲ್ಲಿ ನೋಡಿದವರಿಗೆ, ನಿದ್ರಿಸುವ ಕುಂಭಕರ್ಣನನ್ನು ಎಬ್ಬಿಸುವ ಸನ್ನಿವೇಶದಲ್ಲಿ ಮಕ್ಕಳು ನಕ್ಕು ಉರುಳಾಡುವುದು ನೆನಪಿದ್ದೀತು. ದೊಡ್ಡ ದೇಹ, ದೊಡ್ಡ ಊಟ, ದೊಡ್ಡ ಗೊರಕೆ, ಅಲುಗಾಡದ ನಿದ್ದೆ. ಇವು ನಾಲ್ಕೂ ಒಟ್ಟಿಗೆ ಇರುತ್ತವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮೊದಲ ಮೂರರ ನಡುವೆ ಸಂಬಂಧವಿರುವುದು ನಿಜ. ನಾಲ್ಕನೆಯದು ಮಾತ್ರ ತಪ್ಪು. ಜೋರಾಗಿ ಗೊರಕೆ ಹೊಡೆಯುವವನು ಅನೇಕ ಸಂದರ್ಭಗಳಲ್ಲಿ ಸರಿಯಾಗಿ ನಿದ್ರಿಸುತ್ತಿರುವುದೇ ಇಲ್ಲ. ಈ ತಪ್ಪು ನಂಬಿಕೆಯಿಂದ ನನ್ನ ಮಗನಿಗೆ ನಾನು ಮಾಡಿದ ಅನ್ಯಾಯವನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

ತಪ್ಪು ಆರೋಪಿ

ಮಗ ಮೂರನೆಯ ತರಗತಿಯಲ್ಲಿದ್ದಾಗ ಅವನ ಅಧ್ಯಾಪಿಕೆ ನನ್ನನ್ನು ಕರೆಸಿದರು. ಬೆಳಗ್ಗೆ ಒಂದೆಡೆ ಸುಮ್ಮನೆ ಕೂರುವುದಿಲ್ಲ, ಮಧ್ಯಾಹ್ನದ ಬಳಿಕ ತೂಕಡಿಸುತ್ತಾನೆ, ನಿನ್ನೆ ಕಲಿತದ್ದು ಇಂದು ನೆನಪಿರುವುದಿಲ್ಲ ಎಂದು ಅವರು ಹೇಳಿದರು. ಅವರ ಮಾತಿನಲ್ಲಿ ಕಾಳಜಿಯಿತ್ತು. ಮನೆಗೆ ಬಂದು ನಾನು ಮಾಡಿದ್ದು ಗದರಿಸುವ ಕೆಲಸ. ಟಿ.ವಿ. ನಿಲ್ಲಿಸಿದೆ, ಆಟ ಕಡಿಮೆ ಮಾಡಿದೆ, ಬೆಳಗ್ಗೆ ಇನ್ನೂ ಅರ್ಧ ಗಂಟೆ ಮೊದಲು ಎಬ್ಬಿಸಿ ಓದಲು ಕೂರಿಸಿದೆ. ನಿದ್ದೆ ಸಾಲದ ಮಗುವಿನ ನಿದ್ದೆಯನ್ನು ಇನ್ನಷ್ಟು ಕತ್ತರಿಸಿದೆ ಎಂಬುದು ಆಗ ತಿಳಿದಿರಲಿಲ್ಲ.

ಬಂಧುಗಳ ತೀರ್ಪು ಬೇರೆಯಾಗಿತ್ತು. “ಕನ್ನಡ ಮಾಧ್ಯಮಕ್ಕೆ ಹಾಕಿದರೆ ಹೀಗೆಯೇ. ಈಗಲಾದರೂ ಇಂಗ್ಲಿಷ್ ಶಾಲೆಗೆ ಸೇರಿಸು ಮಾರಾಯ” ಎಂದರು. ಕಾಸರಗೋಡಿನಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಹೆತ್ತವರು ಈ ಮಾತನ್ನು ಎಷ್ಟು ಬಾರಿ ಕೇಳಿರುತ್ತೇವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಮಗು ಜಾಣನಾದರೆ ಅದು ಅವನ ಬುದ್ಧಿ. ಹಿಂದೆ ಬಿದ್ದರೆ ಅದಕ್ಕೆ ಕನ್ನಡವೇ ಕಾರಣ. ಭಾಷೆಯ ವಿಷಯದಲ್ಲಿ ದೃಢವಾಗಿದ್ದೇನೆಂದು ತಿಳಿದಿದ್ದ ನಾನೂ ಒಂದು ದಿನ ವಿದ್ಯಾನಗರದ ನ್ಯಾಯಾಲಯದಿಂದ ಮರಳುವಾಗ ಇಂಗ್ಲಿಷ್ ಶಾಲೆಯೊಂದರ ಅರ್ಜಿ ನಮೂನೆಯನ್ನು ಚೀಲದಲ್ಲಿ ಇರಿಸಿಕೊಂಡು ಬಂದೆ.

ಅದೇ ವಾರ ಒಂದು ರಾತ್ರಿ ಕರೆಂಟು ಹೋಗಿ ಫ್ಯಾನಿನ ಸದ್ದು ನಿಂತಿತ್ತು. ಪತ್ನಿ ನನ್ನನ್ನು ಎಬ್ಬಿಸಿ, “ಒಮ್ಮೆ ಬಂದು ನೋಡಿ, ಇವನ ಉಸಿರು ನಿಲ್ಲುತ್ತದೆ” ಎಂದಳು. ಟಾರ್ಚಿನ ಬೆಳಕಿನಲ್ಲಿ ನೋಡಿದೆ. ಮಗನ ಬಾಯಿ ತೆರೆದಿತ್ತು, ಕುತ್ತಿಗೆ ಹಿಂದಕ್ಕೆ ಬಾಗಿತ್ತು, ಮೈ ಬೆವೆತಿತ್ತು. ಜೋರಾದ ಗೊರಕೆ ಒಮ್ಮೆಲೇ ನಿಂತಿತು. ಎದೆ ಏರಿಳಿಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಕೆಲವು ಕ್ಷಣಗಳ ಬಳಿಕ ಬೆಚ್ಚಿದಂತೆ ಮೈ ಕೊಡವಿ, ಏದುಸಿರಿನೊಂದಿಗೆ ಮಗ್ಗುಲು ಬದಲಿಸಿದ. ಮತ್ತೆ ಗೊರಕೆ, ಮತ್ತೆ ಮೌನ. ನಾವಿಬ್ಬರೂ ಬೆಳಗಿನವರೆಗೆ ಮಲಗಲಿಲ್ಲ.

ಸದ್ದು ಎಲ್ಲಿಂದ ಬರುತ್ತದೆ?

ಮೂಗಿನಿಂದ ಶ್ವಾಸನಾಳದವರೆಗಿನ ದಾರಿಯಲ್ಲಿ ಗಂಟಲಿನ ಭಾಗಕ್ಕೆ ಎಲುಬಿನ ಆಧಾರವಿಲ್ಲ. ಮೆದು ಅಂಗುಳು, ಕಿರುನಾಲಗೆ, ನಾಲಗೆಯ ಬುಡ, ಗಂಟಲ ಗೋಡೆ, ಇವೆಲ್ಲ ಮಾಂಸಲವಾದವು. ಎಚ್ಚರವಿರುವಾಗ ಸ್ನಾಯುಗಳು ಈ ದಾರಿಯನ್ನು ಬಿಗಿಯಾಗಿ ತೆರೆದಿಡುತ್ತವೆ. ನಿದ್ದೆಯಲ್ಲಿ ಅವು ಸಡಿಲಗೊಂಡು ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಮೆತ್ತನೆಯ ಭಾಗಗಳು ಕಂಪಿಸುತ್ತವೆ. ಆ ಕಂಪನದ ಸದ್ದೇ ಗೊರಕೆ.

ದಾರಿ ಕಿರಿದಾಗಲು ಕಾರಣಗಳು ಹಲವು. ವಯಸ್ಕರಲ್ಲಿ ಮುಖ್ಯವಾದುದು ತೂಕ. ಕುತ್ತಿಗೆಯ ಸುತ್ತಲೂ ನಾಲಗೆಯಲ್ಲೂ ಸೇರಿದ ಕೊಬ್ಬು ದಾರಿಯನ್ನು ಒತ್ತುತ್ತದೆ. ಮದ್ಯ ಮತ್ತು ಕೆಲವು ನಿದ್ರೆಯ ಮಾತ್ರೆಗಳು ಸ್ನಾಯುಗಳನ್ನು ಅಗತ್ಯಕ್ಕಿಂತ ಹೆಚ್ಚು ಸಡಿಲಿಸುತ್ತವೆ. ಧೂಮಪಾನ ಗಂಟಲಿನ ಪೊರೆಯನ್ನು ಊದಿಸುತ್ತದೆ. ಅಂಗಾತ ಮಲಗಿದರೆ ನಾಲಗೆ ಹಿಂದಕ್ಕೆ ಜಾರುತ್ತದೆ. ಮೂಗಿನ ನಡುಗೋಡೆ ಸೊಟ್ಟಗಿರುವುದು, ಅಲರ್ಜಿಯ ಶೀತ, ಚಿಕ್ಕದಾಗಿ ಹಿಂದೆ ಸರಿದ ಕೆಳದವಡೆ, ಥೈರಾಯ್ಡ್ ಕೊರತೆ ಇವೂ ಕಾರಣವಾಗಬಹುದು. ಸ್ತ್ರೀಯರಲ್ಲಿ ಮುಟ್ಟು ನಿಂತ ಬಳಿಕ ಗೊರಕೆ ಹೆಚ್ಚುವುದುಂಟು. ಸಂಕೋಚದಿಂದ ಅವರು ಅದನ್ನು ಹೇಳಿಕೊಳ್ಳುವುದು ಕಡಿಮೆ. ಮಕ್ಕಳಲ್ಲಿ ಬಹುಪಾಲು ಕಾರಣ ಗಂಟಲಿನ ಟಾನ್ಸಿಲ್ ಮತ್ತು ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗ್ರಂಥಿಗಳು ಊದಿಕೊಂಡು ದಾರಿಗೆ ಅಡ್ಡ ನಿಲ್ಲುವುದು.

ಗೊರಕೆ ಯಾವಾಗ ರೋಗವಾಗುತ್ತದೆ?

ಶೀತವಾದಾಗ ನಾಲ್ಕು ದಿನ ಗೊರಕೆ ಬಂದರೆ ಹೆದರಬೇಕಾಗಿಲ್ಲ. ದಾರಿ ಕಿರಿದಾಗುವುದಷ್ಟೇ ಅಲ್ಲದೆ ಆಗಾಗ ಪೂರ್ತಿ ಮುಚ್ಚಿಕೊಳ್ಳತೊಡಗಿದರೆ ಮಾತು ಬೇರೆ. ಉಸಿರು ನಿಂತಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಗೊಂಡು ಅರೆಕ್ಷಣ ಎಚ್ಚರಗೊಳ್ಳುತ್ತದೆ, ಸ್ನಾಯು ಬಿಗಿಯುತ್ತದೆ, ಉಸಿರು ಮರಳುತ್ತದೆ. ಮಲಗಿದವನಿಗೆ ಇದಾವುದೂ ನೆನಪಿರುವುದಿಲ್ಲ. ಇದನ್ನು ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ ಎಂದು ನಾವು ಹೇಳಬಹುದು.

ವಯಸ್ಕರಲ್ಲಿ ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಲ್ಲುವ ಇಲ್ಲವೇ ತೀರ ಕುಗ್ಗುವ ಪ್ರಸಂಗಗಳನ್ನು ಎಣಿಸುತ್ತಾರೆ. ಗಂಟೆಗೆ 5ರಿಂದ 15 ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ಮೀರಿದರೆ ತೀವ್ರ. ಮಕ್ಕಳಲ್ಲಿ ಗಂಟೆಗೆ ಒಂದು ಬಾರಿ ಉಸಿರು ಕಟ್ಟಿದರೂ ಅದನ್ನು ಅಸಹಜವೆಂದೇ ಪರಿಗಣಿಸುತ್ತಾರೆ. 2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವರ್ಷದ ಸುಮಾರು 93 ಕೋಟಿ ಜನರಲ್ಲಿ ಈ ರೋಗ ಒಂದಲ್ಲ ಒಂದು ಪ್ರಮಾಣದಲ್ಲಿದೆ. ಅಧಿಕ ರಕ್ತದೊತ್ತಡ, ಹೃದಯದ ಬಡಿತದ ಏರುಪೇರು, ಪಾರ್ಶ್ವವಾಯು, ಮಧುಮೇಹ ಇವುಗಳೊಂದಿಗೆ ಅದಕ್ಕೆ ನಂಟಿದೆ. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರದ ಮೂಲಕ ಕನ್ನಡಿಗರಿಗೂ ಪರಿಚಿತರಾಗಿದ್ದ ಸಂಗೀತ ನಿರ್ದೇಶಕ ಬಪ್ಪಿ ಲಹರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ, ಅವರ ವೈದ್ಯರು ಕಾರಣವೆಂದು ಹೇಳಿದ್ದು ಇದೇ ರೋಗವನ್ನು.

ವಕೀಲನಾಗಿ ನನಗೆ ವಿಚಿತ್ರವೆನಿಸುವುದು ಇದು: ಈ ಮೊಕದ್ದಮೆಯಲ್ಲಿ ಆರೋಪಿಗೆ ತನ್ನ ಕೃತ್ಯದ ಅರಿವೇ ಇಲ್ಲ. “ನಾನು ಗೊರಕೆ ಹೊಡೆಯುವುದಿಲ್ಲ” ಎಂದು ಅವನು ಪ್ರಾಮಾಣಿಕವಾಗಿಯೇ ವಾದಿಸುತ್ತಾನೆ. ಸಾಕ್ಷಿ ಹೇಳಬೇಕಾದವರು ಪಕ್ಕದಲ್ಲಿ ಮಲಗಿದವರು. ಮಗುವಿನ ವಿಷಯದಲ್ಲಂತೂ ಹೆತ್ತವರ ಹೊರತು ಬೇರೆ ಸಾಕ್ಷಿಯೇ ಇಲ್ಲ.

ಮಗುವಿನ ಲಕ್ಷಣಗಳು ಬೇರೆ

ನಿದ್ದೆಗೆಟ್ಟ ವಯಸ್ಕ ಹಗಲು ತೂಕಡಿಸುತ್ತಾನೆ. ನಿದ್ದೆಗೆಟ್ಟ ಮಗು ಅನೇಕ ಬಾರಿ ಅದಕ್ಕೆ ವಿರುದ್ಧವಾಗಿ ಚಡಪಡಿಸುತ್ತದೆ, ಹಟ ಹಿಡಿಯುತ್ತದೆ, ಗಮನ ನಿಲ್ಲಿಸಲಾರದು. ಆದ್ದರಿಂದಲೇ ಅದನ್ನು ತುಂಟತನವೆಂದೋ ದಡ್ಡತನವೆಂದೋ ಕರೆದುಬಿಡುತ್ತೇವೆ. ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಗೊರಕೆ, ಬಾಯಿಯಿಂದ ಉಸಿರಾಟ, ಕುತ್ತಿಗೆ ಹಿಂದಕ್ಕೆ ಚಾಚಿ ಮಲಗುವುದು, ರಾತ್ರಿ ಬೆವರುವುದು, ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಬಿಟ್ಟ ಬಳಿಕ ಮತ್ತೆ ಆರಂಭವಾಗುವುದು, ಬೆಳಗ್ಗೆ ತಲೆನೋವು, ತೂಕ ಹೆಚ್ಚದಿರುವುದು, ಇವುಗಳಲ್ಲಿ ಕೆಲವು ಒಟ್ಟಿಗೆ ಕಂಡರೆ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ಅಮೆರಿಕದಲ್ಲಿ ಡೇವಿಡ್ ಗೊಜಾಲ್ ಎಂಬ ಮಕ್ಕಳ ತಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಶಾಲೆಗೆ ನೇರವಾಗಿ ಸಂಬಂಧಿಸಿದೆ. ಒಂದನೆಯ ತರಗತಿಯಲ್ಲಿ ಅಂಕಗಳಲ್ಲಿ ತೀರ ಹಿಂದಿದ್ದ 297 ಮಕ್ಕಳನ್ನು ಅವರು ಪರೀಕ್ಷಿಸಿದರು. 54 ಮಕ್ಕಳಲ್ಲಿ ನಿದ್ರೆಯಲ್ಲಿ ಉಸಿರಾಟದ ತೊಂದರೆ ಕಂಡುಬಂತು. ಅವರಲ್ಲಿ 24 ಮಕ್ಕಳಿಗೆ ಟಾನ್ಸಿಲ್ ಮತ್ತು ಅಡಿನಾಯ್ಡ್ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ಆ ಮಕ್ಕಳ ಅಂಕಗಳು ಏರಿದವು. ಚಿಕಿತ್ಸೆ ಪಡೆಯದ ಮಕ್ಕಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಹಾಗೆಂದು ಶಸ್ತ್ರಚಿಕಿತ್ಸೆಯೇ ಬುದ್ಧಿಯನ್ನು ಹೆಚ್ಚಿಸುವ ಮದ್ದಲ್ಲ. 2013ರಲ್ಲಿ ಪ್ರಕಟವಾದ, 5ರಿಂದ 9 ವರ್ಷದ 464 ಮಕ್ಕಳ ದೊಡ್ಡ ಅಧ್ಯಯನದಲ್ಲಿ ಬೇಗ ಶಸ್ತ್ರಚಿಕಿತ್ಸೆಯಾದವರ ನಡವಳಿಕೆ, ನಿದ್ದೆ, ದಿನಚರಿ ಸುಧಾರಿಸಿದವು. ಏಕಾಗ್ರತೆಯ ಪರೀಕ್ಷೆಯ ಅಂಕದಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ. ಕಾದು ನೋಡಿದ ಮಕ್ಕಳಲ್ಲೂ ಸುಮಾರು ಅರ್ಧದಷ್ಟು ಮಂದಿಯ ನಿದ್ರಾಪರೀಕ್ಷೆ ಏಳು ತಿಂಗಳಲ್ಲಿ ಸಹಜ ಸ್ಥಿತಿಗೆ ಬಂತು. ಆದುದರಿಂದ ಪ್ರತಿ ಗೊರಕೆಗೂ ಕತ್ತರಿ ಬೇಕೆಂದಿಲ್ಲ. ಪ್ರತಿ ಗೊರಕೆಗೂ ವಿಚಾರಣೆ ಬೇಕು.

“ದೊಡ್ಡವನಾದಾಗ ಸರಿಹೋಗುತ್ತದೆ” ಎಂಬ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಡಿನಾಯ್ಡ್ ಹದಿಹರೆಯದ ಹೊತ್ತಿಗೆ ತಾನಾಗಿ ಕುಗ್ಗುತ್ತದೆ. ಆದರೆ ಅದು ತೊಂದರೆ ಕೊಡುವ ವರ್ಷಗಳೇ ಮಗು ಅಕ್ಷರ ಕಲಿಯುವ, ಮಗ್ಗಿ ಕಲಿಯುವ ವರ್ಷಗಳು. ಅವು ಮತ್ತೆ ಬರುವುದಿಲ್ಲ.

ಪರೀಕ್ಷೆ ಹೇಗೆ?

ಮೊದಲ ಹೆಜ್ಜೆಗೆ ಖರ್ಚಿಲ್ಲ. ಮಲಗಿದ ಮಗುವಿನ ಅಥವಾ ವಯಸ್ಕರ ಉಸಿರಾಟವನ್ನು ಎರಡು ಮೂರು ರಾತ್ರಿ ಮೊಬೈಲಿನಲ್ಲಿ ಕೆಲವು ನಿಮಿಷ ಚಿತ್ರೀಕರಿಸಿ. ಎದೆ, ಕುತ್ತಿಗೆ, ಬಾಯಿ ಕಾಣಬೇಕು, ಸದ್ದು ಕೇಳಬೇಕು. ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಇದರಿಂದ ಇನ್ನೊಂದು ಪ್ರಯೋಜನವಿದೆ. ಆಸ್ಪತ್ರೆಯ ಜನಜಂಗುಳಿಯಲ್ಲಿ ಕನ್ನಡವೋ ತುಳುವೋ ಮನೆಮಾತಾದ ತಾಯಿ “ಉಸಿರು ಕಟ್ಟುತ್ತದೆ” ಎಂಬುದನ್ನು ಮಲಯಾಳದಲ್ಲಿ ವಿವರಿಸಲು ತಡವರಿಸಬಹುದು. ಆ ಚಿತ್ರೀಕರಣಕ್ಕೆ ಭಾಷಾಂತರ ಬೇಡ.

ಕಿವಿ-ಮೂಗು-ಗಂಟಲು ತಜ್ಞರು ಪರೀಕ್ಷಿಸಿ ಅಗತ್ಯವಿದ್ದರೆ ನಿದ್ರಾಪರೀಕ್ಷೆಗೆ ಸೂಚಿಸುತ್ತಾರೆ. ಒಂದು ರಾತ್ರಿ ತಂತಿಗಳನ್ನು ಅಂಟಿಸಿಕೊಂಡು ಮಲಗಬೇಕು. ಉಸಿರು, ಆಮ್ಲಜನಕ, ಹೃದಯದ ಬಡಿತ, ಮಿದುಳಿನ ಅಲೆಗಳು ದಾಖಲಾಗುತ್ತವೆ. ನೋವಿಲ್ಲ, ಸೂಜಿಯಿಲ್ಲ. ವಯಸ್ಕರಿಗೆ ಮನೆಯಲ್ಲೇ ಕಟ್ಟಿಕೊಳ್ಳುವ ಸಣ್ಣ ಉಪಕರಣಗಳೂ ಇವೆ. ವಯಸ್ಕರ ಸ್ಥೂಲ ತಪಾಸಣೆಗೆ 2008ರಿಂದ ಬಳಕೆಯಲ್ಲಿರುವ ಎಂಟು ಪ್ರಶ್ನೆಗಳಿವೆ: ಗೊರಕೆ ಜೋರೇ? ಹಗಲು ದಣಿವೇ? ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ? ರಕ್ತದೊತ್ತಡವಿದೆಯೇ? ತೂಕ ಬಹಳ ಹೆಚ್ಚೇ? ವಯಸ್ಸು 50 ದಾಟಿದೆಯೇ? ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚೇ? ಪುರುಷರೇ? ಮೂರು ಅಥವಾ ಹೆಚ್ಚು “ಹೌದು” ಬಂದರೆ ವೈದ್ಯರನ್ನು ಕಾಣುವುದು ಲೇಸು.

ಚಿಕಿತ್ಸೆಯ ದಾರಿಗಳು

ಮಕ್ಕಳಲ್ಲಿ ಸೌಮ್ಯ ತೊಂದರೆಯಿದ್ದರೆ ಮೂಗಿಗೆ ಸಿಂಪಡಿಸುವ ಔಷಧಿ, ಅಲರ್ಜಿಯ ನಿಯಂತ್ರಣ, ಕೆಲವು ತಿಂಗಳ ನಿಗಾ ಸಾಕಾಗಬಹುದು. ಗ್ರಂಥಿಗಳು ತುಂಬ ಊದಿ ರೋಗ ಖಚಿತವಾದರೆ ಶಸ್ತ್ರಚಿಕಿತ್ಸೆ ಪ್ರಮುಖ ಮಾರ್ಗ. ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಒಂದೆರಡು ವಾರ ಗಂಟಲು ನೋವಿರುತ್ತದೆ. ಆ ಅವಧಿಯಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೊಜ್ಜಿರುವ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯ ಬಳಿಕವೂ ತೊಂದರೆ ಉಳಿಯಬಹುದಾದುದರಿಂದ ಮರುಪರೀಕ್ಷೆ ಅಗತ್ಯ.

ವಯಸ್ಕರಲ್ಲಿ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿ ಮದ್ಯ ಬಿಡುವುದು, ಧೂಮಪಾನ ತೊರೆಯುವುದು, ಮೂಗು ಕಟ್ಟುವುದಕ್ಕೆ ಚಿಕಿತ್ಸೆ ಪಡೆಯುವುದು ಮೊದಲ ಮೆಟ್ಟಿಲು. ಮಧ್ಯಮ ಮತ್ತು ತೀವ್ರ ರೋಗಕ್ಕೆ ಅತ್ಯಂತ ನಂಬಿಕೆಯ ಸಾಧನ ‘ಸಿಪ್ಯಾಪ್’ ಯಂತ್ರ. ಮೂಗಿನ ಮೇಲಿನ ಮುಖವಾಡದ ಮೂಲಕ ಹಿತಮಿತವಾದ ಒತ್ತಡದಲ್ಲಿ ಗಾಳಿ ಕಳುಹಿಸಿ ಗಂಟಲು ಮುಚ್ಚಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದರು. ಇದು ರೋಗವನ್ನು ಅಳಿಸುವುದಿಲ್ಲ. ಕನ್ನಡಕದಂತೆ, ಧರಿಸಿದಾಗ ಮಾತ್ರ ಫಲ. ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿಡುವ ದಂತಸಾಧನ ಸೌಮ್ಯ ಹಾಗೂ ಮಧ್ಯಮ ರೋಗದಲ್ಲಿ ಉಪಯುಕ್ತ. ಅಂಗುಳಿನ ಶಸ್ತ್ರಚಿಕಿತ್ಸೆ ಆಯ್ದ ರೋಗಿಗಳಿಗೆ ಮಾತ್ರ. ಎಲ್ಲರಿಗೂ ಗುಣ ನಿಶ್ಚಿತವಲ್ಲ. ಬೊಜ್ಜಿನ ಜತೆ ಮಧ್ಯಮ ಅಥವಾ ತೀವ್ರ ರೋಗವಿರುವ ವಯಸ್ಕರಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ ಅಮೆರಿಕ 2024ರ ಡಿಸೆಂಬರಿನಲ್ಲಿ ಅನುಮತಿ ನೀಡಿದೆ. ಮೂಗಿಗೆ ಸಿಕ್ಕಿಸುವ ಅಗ್ಗದ ಕ್ಲಿಪ್ಪುಗಳೂ “ಮೂರೇ ದಿನದಲ್ಲಿ ಗೊರಕೆ ಮಾಯ” ಎಂಬ ಎಣ್ಣೆಗಳೂ ಕಟ್ಟಿದ ಉಸಿರನ್ನು ಬಿಡಿಸಲಾರವು. ಸದ್ದು ಸ್ವಲ್ಪ ತಗ್ಗಿದರೆ ರೋಗ ಹೋಯಿತೆಂದು ತಿಳಿದು ಕಾಲ ಕಳೆಯುವುದೇ ಅವುಗಳ ಅಪಾಯ.

ಕಾನೂನಿನ ಎರಡು ಮಾತು

ರಾಮಲೀಲಾ ಮೈದಾನದ ಪ್ರಕರಣದಲ್ಲಿ 2012ರ ಫೆಬ್ರವರಿ 23ರಂದು ತೀರ್ಪಿತ್ತ ಸುಪ್ರೀಂ ಕೋರ್ಟಿನಲ್ಲಿ, ನಿದ್ರೆಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿದೆ ಎಂಬ ಅಭಿಪ್ರಾಯ ವ್ಯಕ್ತವಾಯಿತು. ಹೊರಗಿನವರು ನಮ್ಮ ನಿದ್ದೆ ಕೆಡಿಸಿದರೆ ನ್ಯಾಯಾಲಯಕ್ಕೆ ಹೋಗಬಹುದು. ನಮ್ಮ ಗಂಟಲೇ ಕೆಡಿಸಿದರೆ ಹೋಗಬೇಕಾದುದು ಆಸ್ಪತ್ರೆಗೆ. ಚೆರ್ಕಳ-ಜಾಲ್ಸೂರು ರಸ್ತೆಯ ತಿರುವುಗಳಲ್ಲಿ ರಾತ್ರಿ ವಾಹನ ಓಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಪಘಾತದ ಬಳಿಕ “ಕಣ್ಣು ಮುಚ್ಚಿಹೋಯಿತು” ಎಂಬುದು ಸಮರ್ಥನೆಯಾಗುವುದಿಲ್ಲ. ಆರೋಗ್ಯ ವಿಮೆ ಮಾಡಿಸುವಾಗ ಈ ರೋಗ ಪತ್ತೆಯಾಗಿದ್ದರೆ ಮರೆಮಾಚದೆ ಬರೆಯಿರಿ. ನಿದ್ರಾಪರೀಕ್ಷೆ ಮತ್ತು ಮನೆಯ ಯಂತ್ರದ ವೆಚ್ಚ ಸಿಗುತ್ತದೆಯೇ ಎಂಬುದನ್ನು ಮೊದಲೇ ಲಿಖಿತವಾಗಿ ಕೇಳಿ ಪಡೆಯಿರಿ.

ನಮ್ಮ ಮನೆಯ ತೀರ್ಪು

ಮಗನಿಗೆ ಬೇಸಗೆ ರಜೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗಂಟಲ ನೋವು ತಗ್ಗಿದ ಬಳಿಕದ ಮೊದಲ ರಾತ್ರಿಗಳಲ್ಲಿ ನಮಗೆ ಹೊಸ ಕಷ್ಟ ಬಂತು. ಸದ್ದೇ ಇಲ್ಲದ್ದರಿಂದ ಪತ್ನಿ ಮತ್ತೆ ಮತ್ತೆ ಎದ್ದು ಅವನ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದಳು. ತಜ್ಞರು ನನ್ನನ್ನೂ ಬಿಡಲಿಲ್ಲ. ಪರೀಕ್ಷೆಯಲ್ಲಿ ಗಂಟೆಗೆ 34 ಬಾರಿ ನನ್ನ ಉಸಿರು ಕಟ್ಟುತ್ತಿತ್ತೆಂದು ತಿಳಿಯಿತು. ಮಧ್ಯಾಹ್ನದ ವಾದದ ಹೊತ್ತಿಗೆ ಬರುತ್ತಿದ್ದ ಮಂಪರನ್ನು ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಈಗ ಯಂತ್ರ ಧರಿಸಿ ಮಲಗುತ್ತೇನೆ. ಮೊದಲ ತಿಂಗಳು ಕಷ್ಟವಾಯಿತು, ಎರಡು ಬಾರಿ ಮುಖವಾಡ ಬದಲಿಸಬೇಕಾಯಿತು. ಮಗ ಅದಕ್ಕೆ ಆನೆಯ ಸೊಂಡಿಲು ಎಂದು ಹೆಸರಿಟ್ಟಿದ್ದಾನೆ.

ಅವನು ತರಗತಿಗೆ ಮೊದಲಿಗನಾಗಲಿಲ್ಲ. ಮಗ್ಗಿ ಈಗಲೂ ಅವನಿಗೆ ಪ್ರಿಯವಲ್ಲ. ಆದರೆ ಮಧ್ಯಾಹ್ನ ತೂಕಡಿಸುವುದಿಲ್ಲ. ಬೆಳಗ್ಗೆ ಎಬ್ಬಿಸಲು ಗದ್ದಲ ಬೇಕಿಲ್ಲ. ಪಾಠದ ಪುಸ್ತಕ ಬಿಟ್ಟು ಬೇರೆ ಕಥೆಪುಸ್ತಕವನ್ನೂ ಕನ್ನಡದಲ್ಲಿ ತಾನಾಗಿ ಓದುತ್ತಾನೆ. ಆ ಇಂಗ್ಲಿಷ್ ಶಾಲೆಯ ಅರ್ಜಿ ನಮೂನೆ ಬಹಳ ದಿನ ನನ್ನ ಕಡತಗಳ ನಡುವೆ ಉಳಿದಿತ್ತು. ಅದರ ಹಿಂಬದಿ ಖಾಲಿಯಿತ್ತು; ಅವನು ಅಲ್ಲಿ ಕುಂಭಕರ್ಣನ ಚಿತ್ರ ಬರೆದಿದ್ದಾನೆ.

ಎರಡು ಕಡೆಯ ವಾದವನ್ನೂ ಕೇಳದೆ ತೀರ್ಪು ಕೊಡಬಾರದೆಂಬುದನ್ನು ವೃತ್ತಿಯಲ್ಲಿ ದಿನವೂ ಹೇಳುವ ನಾನು ಮಗನ ದೇಹದ ದೂರನ್ನು ಕೇಳದೆ ಅವನಿಗೆ ಶಿಕ್ಷೆ ಕೊಟ್ಟೆ, ಕನ್ನಡ ಶಾಲೆಯನ್ನೂ ಆರೋಪಿಯಾಗಿಸಿದೆ. ನಿಮ್ಮ ಮಗು ಓದಿನಲ್ಲಿ ಹಿಂದೆ ಬಿದ್ದಿದ್ದರೆ ಅಧ್ಯಾಪಕರನ್ನು ಕಾಣುವ ಮೊದಲು, ಶಾಲೆ ಬದಲಿಸುವ ಮೊದಲು, ಬೆತ್ತಕ್ಕೆ ಕೈ ಹಾಕುವ ಮೊದಲು ಒಂದು ರಾತ್ರಿ ಫ್ಯಾನು ನಿಲ್ಲಿಸಿ ಅದರ ಪಕ್ಕದಲ್ಲಿ ಕುಳಿತುಕೊಳ್ಳಿ.